ವಸಡಿನಲ್ಲಿ ಮುಗಿಯದೇ ಉಳಿಯುವ ಉರಿಯೂತ

ಹಲ್ಲುಜ್ಜಿ ಉಗುಳುವಾಗ ರಕ್ತ ಕಂಡರೆ ಬಹಳ ಮಂದಿ ಬ್ರಷ್ ಗಟ್ಟಿಯಾಯಿತೆಂದು ಬೇರೆ ಬ್ರಷ್ ತರುತ್ತಾರೆ. ಇಲ್ಲವೇ ರಕ್ತ ಬರುವ ಕಡೆ ಬ್ರಷ್ ತಾಗಿಸುವುದನ್ನೇ ಬಿಟ್ಟುಬಿಡುತ್ತಾರೆ. ಬಿಟ್ಟ ಕಡೆ ಪಾಚಿ ಇನ್ನಷ್ಟು ಕೂರುತ್ತದೆ, ರಕ್ತ ಇನ್ನಷ್ಟು ಬರುತ್ತದೆ. ಆರೋಗ್ಯವಾಗಿರುವ ವಸಡಿನಿಂದ ಮೆತ್ತನೆಯ ಬ್ರಷ್‌ಗೆ ರಕ್ತ ಬರುವುದಿಲ್ಲ. ದಿನಾ ಬರುತ್ತಿದೆ ಎಂದರೆ ಅಲ್ಲಿ ಉರಿಯೂತ ಇದೆ ಎಂದೇ ಮೊದಲು ಅನುಮಾನಿಸಬೇಕು. ದೀರ್ಘಕಾಲದ ಉರಿಯೂತ ಹೇಗೆ ಶುರುವಾಗುತ್ತದೆ, ಯಾಕೆ ನಿಲ್ಲುವುದಿಲ್ಲ, ಏನೇನು ಕೆಡಿಸುತ್ತದೆ ಎಂದು ತಿಳಿಯಲು ವಸಡಿಗಿಂತ ಒಳ್ಳೆಯ ಜಾಗ ದೇಹದಲ್ಲಿ ಇನ್ನೊಂದಿಲ್ಲ. ಲಿವರ್‌ನಲ್ಲೋ ರಕ್ತನಾಳದಲ್ಲೋ ನಡೆಯುವುದು ಕಣ್ಣಿಗೆ ಬೀಳುವುದಿಲ್ಲ. ವಸಡನ್ನು ಕನ್ನಡಿ ಮುಂದೆ ನಿಂತು ನೋಡಬಹುದು.

ಮೊದಲು, ಉರಿಯೂತ ಸರಿಯಾಗಿ ನಡೆದರೆ ಹೇಗಿರುತ್ತದೆ? ಕಾಲಿಗೆ ಮುಳ್ಳು ಚುಚ್ಚಿತು ಎಂದುಕೊಳ್ಳಿ. ಚರ್ಮದ ಕೆಳಗಿನ ಮಾಸ್ಟ್ ಕೋಶಗಳು ಹಿಸ್ಟಮಿನ್ ಬಿಡುತ್ತವೆ. ಸಣ್ಣ ರಕ್ತನಾಳಗಳು ಹಿಗ್ಗಿ, ಅವುಗಳ ಗೋಡೆ ಸಡಿಲವಾಗಿ, ರಕ್ತದ ನೀರಿನಂಶ ಸುತ್ತಲಿನ ಅಂಗಾಂಶಕ್ಕೆ ಸೋರುತ್ತದೆ. ಕೆಂಪಾಗುವುದು, ಬಿಸಿಯಾಗುವುದು, ಊದಿಕೊಳ್ಳುವುದು ಇದರಿಂದಲೇ. ಕೆಲವೇ ಗಂಟೆಗಳಲ್ಲಿ ನ್ಯೂಟ್ರೋಫಿಲ್ ಎಂಬ ಬಿಳಿ ರಕ್ತಕಣಗಳು ಬಂದು ಬ್ಯಾಕ್ಟೀರಿಯಾಗಳನ್ನು ನುಂಗಿ ತಾವೂ ಸಾಯುತ್ತವೆ. ಒಂದೆರಡು ದಿನದಲ್ಲಿ, ದೊಡ್ಡ ಬಿಳಿ ರಕ್ತಕಣಗಳಾದ ಮ್ಯಾಕ್ರೋಫೇಜ್‌ಗಳು ಸೇರುತ್ತವೆ. ಇವುಗಳ ಮುಖ್ಯ ಕೆಲಸಗಳಲ್ಲಿ ಒಂದು, ಸತ್ತ ನ್ಯೂಟ್ರೋಫಿಲ್‌ಗಳನ್ನು ತಿಂದು ತೆಗೆಯುವುದು. ಹಾಗೆ ತಿಂದ ಮ್ಯಾಕ್ರೋಫೇಜ್ ತನ್ನ ಸ್ವಭಾವವನ್ನೇ ಬದಲಿಸಿಕೊಳ್ಳುತ್ತದೆ. ಅದುವರೆಗೆ ಇನ್ನಷ್ಟು ಕೋಶಗಳನ್ನು ಕರೆಯುತ್ತಿದ್ದದ್ದು ಈಗ ಗಾಯ ಮಾಯಿಸುವ ರಾಸಾಯನಿಕಗಳನ್ನು ಬಿಡಲು ತೊಡಗುತ್ತದೆ. ಮೊದಲ ಹಂತದಲ್ಲಿ ಉರಿಯೂತ ಕೆರಳಿಸುವ ಪ್ರೋಸ್ಟಾಗ್ಲ್ಯಾಂಡಿನ್‌ಗಳು ಜೋರಾಗಿದ್ದರೆ ಈ ಹಂತದಲ್ಲಿ ಲಿಪಾಕ್ಸಿನ್, ರಿಸಾಲ್ವಿನ್ ಎಂಬ ಕೊಬ್ಬಿನ ಅಣುಗಳು ತಯಾರಾಗುತ್ತವೆ. ಹೊಸ ನ್ಯೂಟ್ರೋಫಿಲ್ ಬರುವುದನ್ನು ಇವು ತಡೆಯುತ್ತವೆ, ಇದ್ದವನ್ನು ಖಾಲಿ ಮಾಡಿಸುತ್ತವೆ. ಉರಿಯೂತ ತಾನಾಗಿ ಆರಿಹೋಗುತ್ತದೆ ಎಂದು ಬಹಳ ಕಾಲ ನಂಬಿದ್ದರು. ಆರಿಸುವುದೂ ದೇಹ ಮಾಡಬೇಕಾದ ಒಂದು ಪ್ರತ್ಯೇಕ ಕೆಲಸ ಎಂಬುದು ಆಮೇಲೆ ತಿಳಿದದ್ದು.

ಮುಳ್ಳು ಹೊರಗೆ ಬಂದರೆ ಈ ಕೆಲಸ ಒಂದು ವಾರದಲ್ಲಿ ಮುಗಿಯುತ್ತದೆ. ಮುಳ್ಳು ಒಳಗೇ ಉಳಿದರೆ ಮುಗಿಯುವುದಿಲ್ಲ. ಒಂದು ಕಡೆ ದಾಳಿ, ಇನ್ನೊಂದು ಕಡೆ ರಿಪೇರಿ, ಒಂದೇ ಜಾಗದಲ್ಲಿ ಒಟ್ಟೊಟ್ಟಿಗೆ ತಿಂಗಳುಗಟ್ಟಲೆ, ವರ್ಷಗಟ್ಟಲೆ ನಡೆಯುತ್ತಿರುತ್ತವೆ. ದೀರ್ಘಕಾಲದ ಉರಿಯೂತ ಎನ್ನುವುದು ಇದನ್ನೇ. ಬೀಡಿ ಸಿಗರೇಟಿನ ಹೊಗೆ, ಹೆಪಟೈಟಿಸ್ ಬಿ ವೈರಸ್, ಕಲ್ಲು ಕ್ವಾರಿಯ ಸಿಲಿಕಾ ದೂಳು, ಹೊಟ್ಟೆಯ ಕೊಬ್ಬು, ಹಲ್ಲಿನ ಪಾಚಿ: ಕಾರಣ ಬೇರೆ ಬೇರೆ, ಮುಗಿಯದಿರುವ ರೀತಿ ಹೆಚ್ಚುಕಡಿಮೆ ಒಂದೇ.

ಹಲ್ಲಿನ ವಿಶೇಷವೇನೆಂದರೆ, ಚರ್ಮದ ಮೇಲಾಗಲಿ ಕರುಳಿನ ಗೋಡೆಯಲ್ಲಾಗಲಿ ಮೇಲ್ಪದರದ ಕೋಶಗಳು ಉದುರುತ್ತಾ ಇರುತ್ತವೆ, ಅವುಗಳ ಜತೆ ಅಂಟಿಕೊಂಡ ಬ್ಯಾಕ್ಟೀರಿಯಾಗಳೂ ಹೋಗುತ್ತವೆ. ಹಲ್ಲು ಉದುರಿ ಹೊಸದಾಗುವ ವಸ್ತುವಲ್ಲ. ಅದರ ಮೇಲೆ ಕೂತದ್ದು ಕೂತೇ ಇರುತ್ತದೆ. ಉಜ್ಜಿದ ಕೆಲವೇ ನಿಮಿಷಗಳಲ್ಲಿ ಜೊಲ್ಲಿನ ಪ್ರೋಟೀನ್‌ಗಳ ತೆಳು ಪದರವೊಂದು ಹಲ್ಲಿಗೆ ಅಂಟುತ್ತದೆ. ಅದರ ಮೇಲೆ ಬ್ಯಾಕ್ಟೀರಿಯಾಗಳು ನೆಲೆಯೂರಿ, ತಾವೇ ತಯಾರಿಸಿದ ಲೋಳೆಯೊಳಗೆ ಅಡಗಿ, ಪದರ ಪದರವಾಗಿ ಬೆಳೆಯುತ್ತವೆ. ಇದೇ ಪಾಚಿ ಅಥವಾ ಪ್ಲಾಕ್. ಉಗುರಿನಿಂದ ಕೆರೆದರೆ ಬಿಳಿಹಳದಿ ಬಣ್ಣದ ಮೆತ್ತನೆಯ ಪದಾರ್ಥ ಬರುತ್ತದಲ್ಲ, ಅದು. ಬಾಯಿ ಮುಕ್ಕಳಿಸಿದರೆ ಇದು ಹೋಗುವುದಿಲ್ಲ. ಕೆಲವು ದಿನ ಹಾಗೇ ಬಿಟ್ಟರೆ ಜೊಲ್ಲಿನ ಕ್ಯಾಲ್ಸಿಯಂ ಸೇರಿ ಗಟ್ಟಿಯಾಗಿ ಗಾರೆಯಂತಾಗುತ್ತದೆ, ಆಮೇಲೆ ಬ್ರಷ್‌ಗೂ ಹೋಗುವುದಿಲ್ಲ. ಕೆಳದವಡೆಯ ಮುಂದಿನ ಹಲ್ಲುಗಳ ನಾಲಿಗೆ ಬದಿಯಲ್ಲಿ, ಮೇಲ್ದವಡೆಯ ದವಡೆಹಲ್ಲುಗಳ ಕೆನ್ನೆ ಬದಿಯಲ್ಲಿ ಇದು ಮೊದಲು ಕಟ್ಟುತ್ತದೆ. ಜೊಲ್ಲಿನ ನಾಳಗಳು ತೆರೆದುಕೊಳ್ಳುವುದು ಅಲ್ಲೇ.

ಪಾಚಿಯೇ ಕಾರಣ ಎಂದು ಖಚಿತಪಡಿಸಿದ ಪ್ರಯೋಗ ತೀರಾ ಸರಳ. 1965ರಲ್ಲಿ ಡೆನ್ಮಾರ್ಕ್‌ನ ಆರ್ಹೂಸ್‌ನಲ್ಲಿ ಹರಾಲ್ಡ್ ಲೋ ಮತ್ತು ಸಂಗಡಿಗರು ಆರೋಗ್ಯವಂತರಾದ 12 ಜನರಿಗೆ ಹಲ್ಲುಜ್ಜುವುದನ್ನು ಪೂರ್ತಿ ನಿಲ್ಲಿಸಲು ಹೇಳಿದರು. 10ರಿಂದ 21 ದಿನಗಳೊಳಗೆ ಎಲ್ಲರ ವಸಡಿನಲ್ಲೂ ಉರಿಯೂತ ಬಂತು. ಮತ್ತೆ ಉಜ್ಜಲು ಶುರು ಮಾಡಿದಾಗ ಸುಮಾರು ಒಂದು ವಾರದಲ್ಲಿ ಇಳಿಯಿತು. ಮಾತ್ರೆ ಇಲ್ಲ, ಔಷಧಿ ಇಲ್ಲ. ಈ ಹಂತದ ಹೆಸರು ಜಿಂಜಿವೈಟಿಸ್. ಇಲ್ಲಿಂದ ಪೂರ್ತಿ ಹಿಂದಕ್ಕೆ ಬರಬಹುದು, ಮೂಳೆಗೆ ಇನ್ನೂ ಏನೂ ಆಗಿರುವುದಿಲ್ಲ. ರಕ್ತ ಕಂಡ ದಿನವೇ ಎಚ್ಚೆತ್ತುಕೊಳ್ಳಬೇಕು ಎಂದು ಒತ್ತಿ ಹೇಳುವುದು ಇದಕ್ಕೇ.

ಮುಂದಿನ ಹಂತವಾದ ಪೆರಿಯೊಡಾಂಟೈಟಿಸ್‌ನಲ್ಲಿ ಹಿಂದಕ್ಕೆ ಬರುವ ದಾರಿ ಬಹುಪಾಲು ಮುಚ್ಚಿರುತ್ತದೆ. ಹಲ್ಲಿಗೂ ವಸಡಿಗೂ ನಡುವೆ ಸಹಜವಾಗಿಯೇ 1ರಿಂದ 3 ಮಿ.ಮೀ. ಆಳದ ಸಂದು ಇರುತ್ತದೆ. ಊತದಿಂದ ಆ ಸಂದು ಆಳವಾಗುತ್ತದೆ, ಅದನ್ನು ದಂತವೈದ್ಯರು ಪಾಕೆಟ್ ಎನ್ನುತ್ತಾರೆ. ಆಳಕ್ಕೆ ಹೋದಂತೆ ಆಮ್ಲಜನಕ ಕಡಿಮೆ, ಅಂಥ ಕಡೆಯೇ ಚೆನ್ನಾಗಿ ಬೆಳೆಯುವ ಪಾರ್ಫಿರೋಮೋನಾಸ್ ಜಿಂಜಿವಾಲಿಸ್‌ನಂಥ ಬ್ಯಾಕ್ಟೀರಿಯಾಗಳು ಸೇರಿಕೊಳ್ಳುತ್ತವೆ. ಉರಿಯೂತದಿಂದ ಒಸರುವ ರಸ ಮತ್ತು ರಕ್ತದ ಕಬ್ಬಿಣ ಇವಕ್ಕೆ ಆಹಾರ. ಅಂದರೆ ಉರಿಯೂತ ಹೆಚ್ಚಿದಷ್ಟೂ ಈ ಬ್ಯಾಕ್ಟೀರಿಯಾಗಳಿಗೆ ಅನುಕೂಲ, ಇವು ಹೆಚ್ಚಿದಷ್ಟೂ ಉರಿಯೂತ ಹೆಚ್ಚು. ನ್ಯೂಟ್ರೋಫಿಲ್‌ಗಳು ಸಾಲು ಸಾಲಾಗಿ ಬರುತ್ತಲೇ ಇರುತ್ತವೆ. ಅವು ಬಿಡುವ ಎಂಎಂಪಿ-8 ಎಂಬ ಕಿಣ್ವ ಹಲ್ಲನ್ನು ಮೂಳೆಗೆ ಹಿಡಿದಿಟ್ಟ ಕೊಲ್ಲಾಜೆನ್ ನಾರುಗಳನ್ನು ಕತ್ತರಿಸುತ್ತದೆ. ಇಂಟರ್‌ಲ್ಯೂಕಿನ್-1, ಟಿಎನ್‌ಎಫ್, ಪ್ರೋಸ್ಟಾಗ್ಲ್ಯಾಂಡಿನ್ ಇ2 ಎಂಬ ಉರಿಯೂತದ ರಾಸಾಯನಿಕಗಳೆಲ್ಲ ಸೇರಿ ರ್‍ಯಾಂಕ್-ಎಲ್ ಎಂಬ ಸಂಕೇತವನ್ನು ಏರಿಸುತ್ತವೆ. ಆ ಸಂಕೇತ ಸಿಕ್ಕರೆ ಆಸ್ಟಿಯೋಕ್ಲಾಸ್ಟ್‌ಗಳು, ಅಂದರೆ ಮೂಳೆ ಕರಗಿಸುವ ಕೋಶಗಳು, ಹುಟ್ಟಿಕೊಳ್ಳುತ್ತವೆ. ಹಲ್ಲಿನ ಸುತ್ತಲಿನ ಮೂಳೆಯನ್ನು ಕರಗಿಸುವುದು ನಮ್ಮದೇ ಕೋಶಗಳು. ಬ್ಯಾಕ್ಟೀರಿಯಾ ಅದಕ್ಕೆ ನೆಪ ಒದಗಿಸುತ್ತದೆ, ಅಷ್ಟೇ. ಇಷ್ಟೆಲ್ಲ ಆಗುವಾಗ ನೋವು ಇರುವುದಿಲ್ಲ ಎಂಬುದು ಈ ಕಾಯಿಲೆಯ ಅತಿ ಕೆಟ್ಟ ಗುಣ. ಹಲ್ಲು ಅಲ್ಲಾಡುವ ಹೊತ್ತಿಗೆ ಸುತ್ತಲಿನ ಮೂಳೆಯ ದೊಡ್ಡ ಪಾಲು ಹೋಗಿರುತ್ತದೆ.

ಪಾಚಿ ಇದ್ದವರಿಗೆಲ್ಲ ಒಂದೇ ಥರ ಆಗುತ್ತದೆಯೇ? ಇಲ್ಲ. ಇದಕ್ಕೆ ಉತ್ತರ ಕೊಟ್ಟದ್ದು ಶ್ರೀಲಂಕಾದ ಚಹಾ ತೋಟಗಳು. ಅಲ್ಲಿನ 480 ಗಂಡಸು ಕಾರ್ಮಿಕರನ್ನು ಅದೇ ಲೋ ಅವರ ತಂಡ 1970ರಿಂದ 15 ವರ್ಷ ಗಮನಿಸಿತು. ಅವರಿಗೆ ಹಲ್ಲಿನ ಚಿಕಿತ್ಸೆ ಎಂಬುದೇ ದೊರಕಿರಲಿಲ್ಲ, ಎಲ್ಲರ ಬಾಯಲ್ಲೂ ಪಾಚಿ ಗಾರೆ ತುಂಬಿತ್ತು. ಹಾಗಿದ್ದೂ ಸುಮಾರು ಶೇ 8ರಷ್ಟು ಜನರಲ್ಲಿ ರೋಗ ಬಿರುಸಾಗಿ ಹಬ್ಬಿತು, ಶೇ 81ರಷ್ಟು ಜನರಲ್ಲಿ ಮಧ್ಯಮ ವೇಗದಲ್ಲಿ ಹೋಯಿತು, ಇನ್ನುಳಿದ ಶೇ 11ರಷ್ಟು ಜನರಲ್ಲಿ ಜಿಂಜಿವೈಟಿಸ್ ದಾಟಿ ಮುಂದೆ ಹೋಗಲೇ ಇಲ್ಲ. ಕೊಳೆ ಒಂದೇ, ಫಲ ಮೂರು ಥರ. ದೇಹ ಹೇಗೆ ಪ್ರತಿಕ್ರಿಯಿಸುತ್ತದೆ ಎಂಬುದರ ಮೇಲೆ ಎಷ್ಟು ನಿಂತಿದೆ ನೋಡಿ. "ನಮ್ಮ ಅಜ್ಜ ಒಂದು ದಿನವೂ ಬ್ರಷ್ ಮುಟ್ಟಲಿಲ್ಲ, ಎಂಬತ್ತಕ್ಕೂ ಕಬ್ಬು ಸಿಗಿಯುತ್ತಿದ್ದರು" ಎನ್ನುವವರ ಅಜ್ಜ ಬಹುಶಃ ಆ ಶೇ 11ರ ಪೈಕಿ. ಮೊಮ್ಮಗನೂ ಅದೇ ಗುಂಪಿಗೆ ಸೇರಿದ್ದಾನೆ ಎನ್ನಲು ಯಾವ ಆಧಾರವೂ ಇಲ್ಲ.

ವಂಶದಿಂದ ಬಂದದ್ದನ್ನು ಬದಲಿಸಲಾಗದು. ಬದಲಿಸಬಹುದಾದವುಗಳಲ್ಲಿ ಮೊದಲ ಸ್ಥಾನ ತಂಬಾಕಿಗೆ. ನಿಕೋಟಿನ್ ಸಣ್ಣ ರಕ್ತನಾಳಗಳನ್ನು ಬಿಗಿ ಮಾಡುವುದರಿಂದ ಸೇದುವವರ ವಸಡಿನಲ್ಲಿ ಕೆಂಪೂ ಕಡಿಮೆ, ರಕ್ತವೂ ಕಡಿಮೆ. ಎಲ್ಲ ಚೆನ್ನಾಗಿದೆ ಎಂದುಕೊಳ್ಳುತ್ತಿರುವಾಗಲೇ ಒಳಗೆ ಮೂಳೆ ಹೋಗುತ್ತಿರುತ್ತದೆ. ಸಿಗರೇಟು ಬಿಟ್ಟ ಮೇಲೆ ವಸಡಿನಲ್ಲಿ ರಕ್ತ ಕಾಣಿಸಿಕೊಂಡರೆ ಗಾಬರಿ ಬೇಡ, ಮುಚ್ಚಿದ್ದದ್ದು ಈಗ ಕಾಣುತ್ತಿದೆ. ಉತ್ತರ ಕರ್ನಾಟಕದ ಕೆಲವು ಕಡೆ ಹೆಣ್ಣುಮಕ್ಕಳು ಸುಟ್ಟ ತಂಬಾಕಿನ ಮಿಶ್ರಿಯಲ್ಲಿ ಹಲ್ಲು ತಿಕ್ಕುವ ರೂಢಿ ಇದೆ. ಹಲ್ಲು ತೊಳೆಯುವ ಹೆಸರಿನಲ್ಲಿ ವಸಡಿಗೆ ನೇರವಾಗಿ ತಂಬಾಕು ಹಚ್ಚಿದಂತೆ ಅದು. ಗುಟ್ಕಾ ಮತ್ತು ಬರೀ ಅಡಿಕೆ ಇನ್ನೊಂದು ಥರದ ಹಾನಿ ಮಾಡುತ್ತವೆ: ಅಡಿಕೆಯ ಅರೆಕೋಲಿನ್‌ನಿಂದ ಕೆನ್ನೆಯ ಒಳಪದರದಲ್ಲಿ ಉರಿಯೂತವಾಗಿ, ಅಲ್ಲಿ ನಾರು ಕಟ್ಟಿ, ಬಾಯಿ ತೆರೆಯುವುದೇ ಕಷ್ಟವಾಗುತ್ತದೆ. ಮೂರು ಬೆರಳನ್ನು ಒಂದರ ಮೇಲೊಂದು ನಿಲ್ಲಿಸಿ ಬಾಯೊಳಗೆ ಹಾಕಲು ಆಗುತ್ತಿಲ್ಲ, ಖಾರ ತಿಂದರೆ ಉರಿ ತಡೆಯಲಾಗುತ್ತಿಲ್ಲ ಎಂದಾದರೆ ಆ ವಾರವೇ ದಂತವೈದ್ಯರಿಗೆ ತೋರಿಸಬೇಕು. ಅದು ಕ್ಯಾನ್ಸರ್‌ಗೆ ತಿರುಗಬಲ್ಲ ಸ್ಥಿತಿ.

ಬಿಪಿಗೆ ಆಮ್ಲೋಡಿಪಿನ್, ಫಿಟ್ಸ್‌ಗೆ ಫೆನಿಟೋಯಿನ್ ತೆಗೆದುಕೊಳ್ಳುವ ಕೆಲವರಲ್ಲಿ ವಸಡು ಬೆಳೆದು ಹಲ್ಲಿನ ಮೇಲೆ ಬರುತ್ತದೆ. ಪಾಚಿ ಇದ್ದರೆ ಇನ್ನೂ ಹೆಚ್ಚು. ಮಾತ್ರೆಯನ್ನು ತಾವೇ ನಿಲ್ಲಿಸಬಾರದು. ಬರೆದುಕೊಟ್ಟ ವೈದ್ಯರಿಗೆ ಹೇಳಿದರೆ ಬೇರೆ ಮಾತ್ರೆ ಇರುತ್ತದೆ.

ಇನ್ನು ಬಾಯಿಂದಾಚೆ ಏನಾಗುತ್ತದೆ ಎಂಬ ಪ್ರಶ್ನೆ. ಆಳವಾದ ಸಂದುಗಳ ಒಳಗೋಡೆಯಲ್ಲಿ ಪದರ ಹರಿದು ಹುಣ್ಣಾಗಿರುತ್ತದೆ. ಅಂಗೈ ಅಗಲದ ಹುಣ್ಣು ಎಂದು ಹೇಳುವುದು ರೂಢಿ, ಅದು ಉತ್ಪ್ರೇಕ್ಷೆ. ಲೆಕ್ಕ ಹಾಕಿದವರ ಪ್ರಕಾರ ಸಾಮಾನ್ಯವಾಗಿ 8ರಿಂದ 20 ಚದರ ಸೆಂ.ಮೀ. ಅದೇನೂ ಸಣ್ಣದಲ್ಲ. ಅಷ್ಟಗಲದ ಮಾಯದ ಹುಣ್ಣು ಮೊಣಕಾಲಿನ ಮೇಲಿದ್ದರೆ ಯಾರೂ ವರ್ಷಗಟ್ಟಲೆ ಬಿಡುತ್ತಿರಲಿಲ್ಲ. ಅಗಿಯುವಾಗ, ಉಜ್ಜುವಾಗ ಅಲ್ಲಿಂದ ಬ್ಯಾಕ್ಟೀರಿಯಾಗಳು ರಕ್ತಕ್ಕೆ ಸೇರುತ್ತವೆ. ಅಲ್ಲೇ ತಯಾರಾದ ಇಂಟರ್‌ಲ್ಯೂಕಿನ್-6ರಂಥ ರಾಸಾಯನಿಕಗಳೂ ಸೇರುತ್ತವೆ. ಇಂಟರ್‌ಲ್ಯೂಕಿನ್-6 ಲಿವರ್ ತಲುಪಿದರೆ ಲಿವರ್ ಸಿಆರ್‌ಪಿ ಎಂಬ ಪ್ರೋಟೀನ್ ತಯಾರಿಸುತ್ತದೆ. ರಕ್ತ ಪರೀಕ್ಷೆಯಲ್ಲಿ ಎಚ್‌ಎಸ್-ಸಿಆರ್‌ಪಿ ಎಂದು ಬರೆದಿರುತ್ತಾರೆ. ಹೃದಯದ ಅಪಾಯ ಅಳೆಯುವಾಗ ಲೀಟರಿಗೆ 1 ಮಿ.ಗ್ರಾಂಗಿಂತ ಕಡಿಮೆ ಇದ್ದರೆ ಕಡಿಮೆ ಅಪಾಯ, 1ರಿಂದ 3 ಮಧ್ಯಮ, 3ಕ್ಕಿಂತ ಮೇಲೆ ಹೆಚ್ಚು ಎಂದು ಓದುತ್ತಾರೆ. 10 ದಾಟಿದ್ದರೆ ಜ್ವರ, ನೆಗಡಿ, ಮೂತ್ರದ ಸೋಂಕಿನಂಥದ್ದು ಇದ್ದಿರಬಹುದು, ಎರಡು ವಾರ ಬಿಟ್ಟು ಮತ್ತೆ ಮಾಡಿಸಬೇಕು. ಸಿಆರ್‌ಪಿ ಉರಿಯೂತ ಇದೆ ಎಂದು ಹೇಳುತ್ತದೆ, ಎಲ್ಲಿ ಎಂದು ಹೇಳುವುದಿಲ್ಲ. ಪ್ಯಾಕೇಜ್ ಚೆಕಪ್‌ನಲ್ಲಿ ಬಂದ ಒಂದು ಅಂಕಿ ಹಿಡಿದುಕೊಂಡು ಅರಿಶಿನದ ಕ್ಯಾಪ್ಸೂಲ್ ಕೊಳ್ಳುವ ಮೊದಲು ಒಮ್ಮೆ ಬಾಯಿ ತೋರಿಸಿಕೊಳ್ಳುವುದು ಮೇಲು.

ಎಲ್ಲಕ್ಕಿಂತ ಗಟ್ಟಿ ಪುರಾವೆ ಇರುವುದು ಸಕ್ಕರೆ ಕಾಯಿಲೆಯ ವಿಷಯದಲ್ಲಿ. ಇಲ್ಲಿ ದಾರಿ ಎರಡೂ ಕಡೆಗಿದೆ. ಶುಗರ್ ಹಿಡಿತದಲ್ಲಿಲ್ಲದವರಲ್ಲಿ ಸಕ್ಕರೆ ಪ್ರೋಟೀನ್‌ಗಳಿಗೆ ಅಂಟಿಕೊಂಡು ಆಗುವ ಪದಾರ್ಥಗಳು ಮ್ಯಾಕ್ರೋಫೇಜ್‌ಗಳನ್ನು ಕೆರಳಿಸುತ್ತವೆ, ನ್ಯೂಟ್ರೋಫಿಲ್‌ಗಳ ಕೆಲಸ ಮಂದವಾಗುತ್ತದೆ, ಕೊಲ್ಲಾಜೆನ್ ಮಾಯುವುದು ನಿಧಾನವಾಗುತ್ತದೆ. ಹಾಗಾಗಿ ವಸಡು ಬೇಗ ಹಾಳಾಗುತ್ತದೆ. ಇತ್ತ ವಸಡಿನಿಂದ ಹೊರಟ ಟಿಎನ್‌ಎಫ್ ಮತ್ತಿತರ ಸಂಕೇತಗಳು ಸ್ನಾಯು, ಲಿವರ್, ಕೊಬ್ಬಿನ ಕೋಶಗಳಲ್ಲಿ ಇನ್ಸುಲಿನ್‌ನ ಸಂದೇಶ ಒಳಗೆ ಮುಟ್ಟದಂತೆ ಅಡ್ಡಿ ಮಾಡುತ್ತವೆ. ಇನ್ಸುಲಿನ್ ಇದ್ದರೂ ಸಕ್ಕರೆ ರಕ್ತದಲ್ಲೇ ಉಳಿಯುತ್ತದೆ. ವಸಡಿನ ಚಿಕಿತ್ಸೆ ಸರಿಯಾಗಿ ಆದರೆ ಮೂರು ನಾಲ್ಕು ತಿಂಗಳಲ್ಲಿ, ಎರಡು ಮೂರು ತಿಂಗಳ ಸರಾಸರಿ ಸಕ್ಕರೆ ತೋರಿಸುವ ಎಚ್‌ಬಿಎ1ಸಿ ಸರಾಸರಿ 0.4ರಷ್ಟು ಇಳಿಯುತ್ತದೆ ಎಂಬುದು ಹಲವು ಅಧ್ಯಯನಗಳನ್ನು ಒಟ್ಟುಗೂಡಿಸಿ ನೋಡಿದಾಗ ಸಿಕ್ಕ ಫಲ. 8.2 ಇದ್ದದ್ದು 7.8 ಆಗಬಹುದು ಎಂದಿಟ್ಟುಕೊಳ್ಳಿ. ಸಕ್ಕರೆ ಮಾತ್ರೆಗೆ ಬದಲಿ ಇದಲ್ಲ, ಆದರೆ ಮಾತ್ರೆ, ಊಟ, ನಡಿಗೆ ಎಲ್ಲ ಸರಿಯಿದ್ದೂ ಅಂಕಿ ಇಳಿಯದವರು ವಸಡನ್ನು ಪರೀಕ್ಷಿಸಿಕೊಳ್ಳಲೇಬೇಕು. ನಮ್ಮಲ್ಲಿ ಶುಗರ್ ಇರುವವರು ಕಣ್ಣು, ಕಾಲು, ಕಿಡ್ನಿ ತೋರಿಸಿಕೊಳ್ಳುತ್ತಾರೆ, ಬಾಯಿ ಮಾತ್ರ ಪಟ್ಟಿಯಲ್ಲಿರುವುದಿಲ್ಲ. ಪೆರಿಯೊಡಾಂಟೈಟಿಸ್ ಸಕ್ಕರೆ ಕಾಯಿಲೆಯ ಆರನೇ ತೊಡಕು ಎಂದು ಲೋ 1993ರಲ್ಲೇ ಬರೆದಿದ್ದರು.

ಹೃದಯದ ವಿಷಯದಲ್ಲಿ ಎಚ್ಚರದಿಂದ ಮಾತಾಡಬೇಕು. 2007ರಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ ತೀವ್ರ ವಸಡು ರೋಗವಿದ್ದ 120 ಜನರಲ್ಲಿ ಒಂದು ಗುಂಪಿಗೆ ಆಳವಾದ ಚಿಕಿತ್ಸೆ ಕೊಟ್ಟು, ತೋಳಿನ ರಕ್ತನಾಳ ಎಷ್ಟು ಹಿಗ್ಗುತ್ತದೆ ಎಂದು ಅಳೆದರು. ಚಿಕಿತ್ಸೆಯ ಮರುದಿನ ಅದು ಕೆಟ್ಟಿತ್ತು, ಸಿಆರ್‌ಪಿಯೂ ಏರಿತ್ತು. ಕೆದಕಿದ್ದರಿಂದ ಆದ ತಾತ್ಕಾಲಿಕ ಉರಿಯೂತ ಅದು. ಆರು ತಿಂಗಳಿಗೆ ಆ ಗುಂಪಿನವರ ರಕ್ತನಾಳ ಉಳಿದವರದಕ್ಕಿಂತ ಚೆನ್ನಾಗಿ ಹಿಗ್ಗುತ್ತಿತ್ತು. ವಸಡು ರೋಗ ಇರುವವರಲ್ಲಿ ಹೃದಯಾಘಾತ ಹೆಚ್ಚು ಎಂಬುದೂ ಕಂಡುಬಂದಿದೆ. ಆದರೆ ವಸಡಿಗೆ ಚಿಕಿತ್ಸೆ ಮಾಡಿದರೆ ಹೃದಯಾಘಾತ ತಪ್ಪುತ್ತದೆ ಎಂದು ಸಾಬೀತಾಗಿಲ್ಲ. ಹಾಗೆಂದು ಯಾರಾದರೂ ಮಾತು ಕೊಟ್ಟರೆ ನಂಬಬೇಡಿ. ಗರ್ಭಿಣಿಯರದೂ ಹೀಗೇ: ಗರ್ಭದಲ್ಲಿರುವಾಗ ವಸಡಿನ ಚಿಕಿತ್ಸೆ ಮಾಡಿಸಿಕೊಳ್ಳುವುದು ಸುರಕ್ಷಿತ, ವಸಡೂ ಸುಧಾರಿಸುತ್ತದೆ, ಆದರೆ ಅದರಿಂದ ಅವಧಿಪೂರ್ವ ಹೆರಿಗೆ ಕಡಿಮೆಯಾಗುತ್ತದೆ ಎಂದು 2006ರ ದೊಡ್ಡ ಅಧ್ಯಯನದಲ್ಲಿ ಕಾಣಲಿಲ್ಲ.

ಇನ್ನೊಂದು ಸಂಗತಿ ಇಲಿಗಳ ಮೇಲಿನ ಕೆಲಸದಿಂದ ಬಂದದ್ದು. ವಸಡಿನ ಉರಿಯೂತವಿದ್ದ ಇಲಿಯ ಅಸ್ಥಿಮಜ್ಜೆಯನ್ನು ಆರೋಗ್ಯವಾಗಿದ್ದ ಇಲಿಗೆ ಹಾಕಿದಾಗ, ಆ ಇಲಿಗೆ ಕೀಲುವಾತ ಬರಿಸಿದರೆ ಅದು ಇನ್ನೂ ಜೋರಾಗಿ ಬಂತು. ಬಿಳಿ ರಕ್ತಕಣಗಳ ಮೂಲಕೋಶಗಳೇ ಬೇಗ ಕೆರಳುವಂತೆ ಅಭ್ಯಾಸ ಮಾಡಿಕೊಂಡಿದ್ದವು. ದೀರ್ಘಕಾಲದ ಉರಿಯೂತ ಒಂದು ಜಾಗದಲ್ಲಿದ್ದರೂ ಇಡೀ ದೇಹದ ಸ್ವಭಾವವನ್ನು ಬದಲಿಸಬಲ್ಲದು ಎನ್ನಲು ಇದಕ್ಕಿಂತ ಸ್ಪಷ್ಟವಾದ ಉದಾಹರಣೆ ಸಿಗುವುದು ಕಷ್ಟ.

ಸರಿ, ಮಾಡಬೇಕಾದದ್ದೇನು? ಮೊದಲು ಅಳತೆ. ದಂತವೈದ್ಯರು ಮಿ.ಮೀ. ಗುರುತುಗಳಿರುವ ಮೊಂಡು ತುದಿಯ ಕಡ್ಡಿಯನ್ನು ಪ್ರತಿ ಹಲ್ಲಿನ ಸುತ್ತ ಆರು ಕಡೆ ಮೆಲ್ಲಗೆ ಇಳಿಸಿ ನೋಡಬೇಕು. 28 ಹಲ್ಲಿಗೆ 168 ಅಳತೆ. 3 ಮಿ.ಮೀ.ವರೆಗೆ ಸಹಜ, 4ರಿಂದ ಮೇಲೆ ಗಮನ ಬೇಕು, 6 ದಾಟಿದರೆ ಆಳ ಜಾಸ್ತಿ. ಅಳೆಯದೆ ಬರೀ ಕಣ್ಣಲ್ಲಿ ನೋಡಿ "ಚೆನ್ನಾಗಿದೆ" ಎಂದರೆ "ಪಾಕೆಟ್ ಎಷ್ಟಿದೆ ಸರ್, ಅಳೆದು ನೋಡ್ತೀರಾ" ಎಂದು ಕೇಳಿ. ಕೇಳುವುದರಲ್ಲಿ ಸಂಕೋಚವೇನೂ ಬೇಡ.

ಆಮೇಲೆ ಕ್ಲೀನಿಂಗ್, ಅಂದರೆ ಸ್ಕೇಲಿಂಗ್. ಆಳವಿದ್ದರೆ ವಸಡಿನ ಕೆಳಗೂ ಬೇರಿನ ಮೇಲಿನ ಗಾರೆ ತೆಗೆಯಬೇಕು, ಮರಗಟ್ಟುವ ಇಂಜೆಕ್ಷನ್ ಕೊಟ್ಟೇ ಮಾಡುತ್ತಾರೆ. ಕ್ಲೀನಿಂಗ್ ಮಾಡಿಸಿದರೆ ಹಲ್ಲು ಸಡಿಲವಾಗುತ್ತದೆ, ಸಂದು ಬೀಳುತ್ತದೆ ಎಂಬ ಮಾತು ಊರೂರಲ್ಲೂ ಇದೆ. ಮೂಳೆ ಹೋದ ಹಲ್ಲುಗಳನ್ನು ಗಾರೆಯೇ ಒಂದಕ್ಕೊಂದು ಅಂಟಿಸಿ ಹಿಡಿದಿರುತ್ತದೆ. ಗಾರೆ ತೆಗೆದಾಗ ಅದು ಮುಚ್ಚಿದ್ದ ಜಾಗ ಖಾಲಿ ಕಾಣುತ್ತದೆ, ಊದಿದ್ದ ವಸಡು ಇಳಿದು ಬೇರಿನ ಸ್ವಲ್ಪ ಭಾಗ ಹೊರಗೆ ಬರುತ್ತದೆ. ಕೆಲವು ವಾರ ತಣ್ಣೀರು ಜುಮ್ಮೆನ್ನುತ್ತದೆ. ಹಲ್ಲು ಸಡಿಲವಾದದ್ದು ಕಾಯಿಲೆಯಿಂದ, ಅದು ಕಂಡದ್ದು ಕ್ಲೀನಿಂಗ್ ಆದ ಮೇಲೆ.

ಮಾತ್ರೆಯಿಂದಲೇ ಮುಗಿಸೋಣ ಎಂದು ಮೆಡಿಕಲ್ ಶಾಪಿನಲ್ಲಿ ಆಂಟಿಬಯೋಟಿಕ್ ಕೇಳಿ ತಿನ್ನುವವರಿದ್ದಾರೆ. ಲೋಳೆಯೊಳಗೆ ಅಡಗಿದ ಬ್ಯಾಕ್ಟೀರಿಯಾಗಳಿಗೆ ಔಷಧಿ ಸರಿಯಾಗಿ ತಲುಪುವುದೇ ಇಲ್ಲ. ವಾರ ಕಡಿಮೆಯಾದಂತೆ ಅನಿಸಿ ಮತ್ತೆ ಶುರು. ನೋವಿನ ಮಾತ್ರೆ ಪ್ರೋಸ್ಟಾಗ್ಲ್ಯಾಂಡಿನ್ ತಡೆಯುತ್ತದೆ, ಮುಳ್ಳು ತೆಗೆಯುವುದಿಲ್ಲ. ಶೇ 0.2ರ ಕ್ಲೋರ್‌ಹೆಕ್ಸಿಡಿನ್ ಮೌತ್‌ವಾಶ್ ಕೊಟ್ಟಿದ್ದರೆ 10 ಮಿ.ಲೀ.ಯನ್ನು ಒಂದು ನಿಮಿಷ, ದಿನಕ್ಕೆರಡು ಸಲ, ಹೇಳಿದಷ್ಟು ದಿನ ಮಾತ್ರ. ಸಾಮಾನ್ಯವಾಗಿ ಎರಡು ವಾರ ಮೀರಿಸುವುದಿಲ್ಲ. ಹೆಚ್ಚು ದಿನ ಬಳಸಿದರೆ ಹಲ್ಲಿನ ಮೇಲೆ ಕಂದು ಕಲೆ ಬೀಳುತ್ತದೆ, ನಾಲಿಗೆಯ ರುಚಿ ಕೆಡುತ್ತದೆ. ಪೇಸ್ಟ್‌ನ ನೊರೆ ಬರಿಸುವ ಪದಾರ್ಥ ಇದರ ಶಕ್ತಿ ಕುಂದಿಸುವುದರಿಂದ ಉಜ್ಜಿದ ಅರ್ಧ ಗಂಟೆ ಬಿಟ್ಟು ಹಾಕಿಕೊಳ್ಳಬೇಕು.

ಮನೆಯ ಕೆಲಸ ದೊಡ್ಡದು. ಮೆತ್ತನೆಯ ಬ್ರಷ್‌ನ ಎಳೆಗಳು ಹಲ್ಲು ಮತ್ತು ವಸಡು ಸೇರುವ ಗೆರೆಯ ಮೇಲೆ 45 ಡಿಗ್ರಿ ಓರೆಯಾಗಿ ಕೂರಬೇಕು. ಎರಡು ಮೂರು ಹಲ್ಲಿಗೊಮ್ಮೆ ನಿಂತು, ಜಾಗ ಬಿಡದೆ ಸಣ್ಣಗೆ ಅಲ್ಲಾಡಿಸಿ, ಆಮೇಲೆ ಹಲ್ಲಿನ ಕಡೆಗೆ ಗುಡಿಸಬೇಕು. ಎರಡು ನಿಮಿಷ, ದಿನಕ್ಕೆರಡು ಸಲ, ರಾತ್ರಿಯದು ತಪ್ಪಲೇಬಾರದು. ಎಳೆಗಳು ಕೆದರಿದರೆ ಬ್ರಷ್ ಬದಲಿಸಿ, ಹೆಚ್ಚೆಂದರೆ ಮೂರು ತಿಂಗಳು. ಹಲ್ಲು ಹಲ್ಲಿನ ನಡುವೆ ಬ್ರಷ್ ಹೋಗುವುದಿಲ್ಲ, ಬೇವಿನ ಕಡ್ಡಿಯೂ ಹೋಗುವುದಿಲ್ಲ. ರೋಗ ಹೆಚ್ಚಾಗಿ ಶುರುವಾಗುವುದೋ ಅಲ್ಲೇ. ಹಲ್ಲುಗಳು ಒತ್ತಾಗಿದ್ದರೆ ಫ್ಲಾಸ್ ದಾರ, ಸಂದು ಬಿದ್ದಿದ್ದರೆ ಅದಕ್ಕೆ ಸರಿಹೊಂದುವ ಅಳತೆಯ ಇಂಟರ್‌ಡೆಂಟಲ್ ಬ್ರಷ್. ತಂತಿ ತಾಗದೆ ಎಳೆಗಳು ಮಾತ್ರ ಎರಡೂ ಹಲ್ಲಿಗೆ ಉಜ್ಜಬೇಕು. ಸಡಿಲವಾಗಿ ಹೋಗಿ ಬಂದರೆ ಅಳತೆ ಚಿಕ್ಕದು. ಮೊದಲ ವಾರ ರಕ್ತ ಬಂದೇ ಬರುತ್ತದೆ. ಬಿಡಬೇಡಿ. ಎರಡು ವಾರ ಸರಿಯಾಗಿ ಮಾಡಿದರೂ ಅದೇ ಜಾಗದಲ್ಲಿ ರಕ್ತ ನಿಲ್ಲದಿದ್ದರೆ ಕೆಳಗೆ ಗಾರೆ ಉಳಿದಿದೆ, ದಂತವೈದ್ಯರ ಕುರ್ಚಿಯ ಮೇಲೆ ಕೂರಬೇಕು.

ಸ್ಕೇಲಿಂಗ್ ಆದ ಆರೆಂಟು ವಾರಕ್ಕೆ ಮತ್ತೆ ಅಳೆಸಬೇಕು, 6 ಇದ್ದದ್ದು 4ಕ್ಕೆ ಬಂದಿದೆಯೇ ಎಂದು. ಬಾರದ ಕಡೆ ಮತ್ತೊಮ್ಮೆ ಆಳದ ಕ್ಲೀನಿಂಗ್, ಇಲ್ಲವೇ ವಸಡಿನ ಸಣ್ಣ ಆಪರೇಷನ್. ಆಳದಲ್ಲಿ ಬ್ಯಾಕ್ಟೀರಿಯಾಗಳು ಕೆಲವು ತಿಂಗಳಲ್ಲೇ ಮತ್ತೆ ನೆಲೆಯೂರುವುದರಿಂದ, ಒಮ್ಮೆ ಪೆರಿಯೊಡಾಂಟೈಟಿಸ್ ಬಂದವರಿಗೆ ವರ್ಷಕ್ಕೊಂದು ಕ್ಲೀನಿಂಗ್ ಸಾಲದು. ಮೂರು ನಾಲ್ಕು ತಿಂಗಳಿಗೊಮ್ಮೆ ಹೋಗಬೇಕು.

ಕುರ್ಚಿಗೆ ಕೂರುವ ಮೊದಲು ಹೇಳಬೇಕಾದ ಮಾತುಗಳಿವೆ. ಶುಗರ್ ಇದ್ದವರು ತಿಂಡಿ ತಿಂದು, ಮಾತ್ರೆ ತಪ್ಪಿಸದೆ ಬೆಳಗಿನ ಹೊತ್ತು ಹೋಗಿ, ಇತ್ತೀಚಿನ ಎಚ್‌ಬಿಎ1ಸಿ ವರದಿ ಕೈಯಲ್ಲಿರಲಿ. ರಕ್ತ ತೆಳು ಮಾಡುವ ಮಾತ್ರೆ ತೆಗೆದುಕೊಳ್ಳುತ್ತಿದ್ದರೆ ತಾವಾಗಿ ನಿಲ್ಲಿಸಬೇಡಿ, ಹೆಸರು ಹೇಳಿ. ಮೂಳೆ ಸವೆತಕ್ಕೆ ಇಂಜೆಕ್ಷನ್ ಆಗುತ್ತಿದ್ದರೆ ಹಲ್ಲು ಕೀಳುವ ಮಾತು ಬರುವ ಮೊದಲೇ ತಿಳಿಸಿ. ಹೃದಯಕ್ಕೆ ಕೃತಕ ಕವಾಟ ಹಾಕಿಸಿಕೊಂಡವರು, ಹಿಂದೆ ಹೃದಯದ ಒಳಪದರಕ್ಕೆ ಸೋಂಕಾಗಿದ್ದವರು ಕಡ್ಡಾಯವಾಗಿ ಹೇಳಲೇಬೇಕು. ಅವರಿಗೆ ಕ್ಲೀನಿಂಗ್‌ಗೆ 30ರಿಂದ 60 ನಿಮಿಷ ಮೊದಲು ಆಂಟಿಬಯೋಟಿಕ್ ಕೊಡುತ್ತಾರೆ, ಪೆನಿಸಿಲಿನ್ ಅಲರ್ಜಿ ಇಲ್ಲದ ದೊಡ್ಡವರಿಗೆ ಸಾಮಾನ್ಯವಾಗಿ ಆಮಾಕ್ಸಿಸಿಲಿನ್ 2 ಗ್ರಾಂ, ಒಂದೇ ಸಲಕ್ಕೆ. ಅಲರ್ಜಿ ಇದ್ದರೆ ಅದನ್ನು ಅಪಾಯಿಂಟ್‌ಮೆಂಟ್ ತೆಗೆದುಕೊಳ್ಳುವ ಫೋನಿನಲ್ಲೇ ಹೇಳಿಬಿಡಿ, ಬೇರೆ ಔಷಧಿ ತರಿಸಿಟ್ಟಿರುತ್ತಾರೆ.